ಹಾಸನದಿಂದ ಲಂಡನ್: ಟಿಕೆಟ್ಟಿನ ಗಂಟೆ, ನಿಜವಾದ ಗಂಟೆ

ಬೆಂಗಳೂರು ಬಿಡುವುದು ಮಧ್ಯಾಹ್ನ 1:30, ಲಂಡನ್ ಸೇರುವುದು ಅದೇ ದಿನ ಸಂಜೆ 6:45. ಜನವರಿಯ ಟಿಕೆಟ್ಟಿನಲ್ಲಿ ಹೀಗಿದ್ದರೆ, ‘ಐದೂಕಾಲು ಗಂಟೆ ತಾನೆ, ಮಂಗಳೂರು ಬಸ್ಸಿನಷ್ಟೇ’ ಎಂದುಕೊಳ್ಳಬೇಡಿ. ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಗಡಿಯಾರ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಿ. ಆಗ 10 ಗಂಟೆ 45 ನಿಮಿಷ. ಬರುವಾಗ ಕಳೆಯಿರಿ: ಅಲ್ಲಿ ರಾತ್ರಿ 8:30ಕ್ಕೆ ಬಿಟ್ಟು ಇಲ್ಲಿ ಮರುದಿನ ಬೆಳಿಗ್ಗೆ 11:30ಕ್ಕೆ ಇಳಿದರೆ, ಹದಿನೈದಲ್ಲ, ಒಂಬತ್ತೂವರೆ ಗಂಟೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ವ್ಯತ್ಯಾಸ ನಾಲ್ಕೂವರೆಯೇ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿ.

ದೇವನಹಳ್ಳಿಯಿಂದ ಹೀಥ್ರೂಗೆ ನೇರ ದೂರ ಸುಮಾರು 8,040 ಕಿ.ಮೀ. ‘ನೇರ’ ಎಂದರೆ ಗೋಡೆಯ ನಕ್ಷೆಯ ಮೇಲೆ ಸ್ಕೇಲಿಟ್ಟು ಎಳೆದ ಗೆರೆಯಲ್ಲ, ಭೂಗೋಳದ ಮೇಲೆ ದಾರ ಬಿಗಿದರೆ ಸಿಗುವ ಗೆರೆ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಭಾಗಿಸಿದರೆ ಒಂಬತ್ತು ಗಂಟೆಯೂ ಆಗದು. ಆದರೆ ಗೇಟಿನಿಂದ ರನ್‌ವೇಗೆ ಹೋಗುವ ಹೊತ್ತು, ನಿಧಾನವಾಗಿ ಏರಿ ಇಳಿಯುವ ಹೊತ್ತು ಎಲ್ಲವೂ ಟಿಕೆಟ್ಟಿನ ಸಮಯಕ್ಕೆ ಸೇರುತ್ತವೆ. ಯುದ್ಧ ನಡೆಯುವ, ಆಕಾಶ ಮುಚ್ಚಿದ ದೇಶಗಳನ್ನು ಬಳಸಿ ಹೋಗಬೇಕಾದರೆ ದಾರಿಯೂ ಉದ್ದ. ಇನ್ನು ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಎದುರುಗಾಳಿ ಗಂಟೆಗೆ 100 ಕಿ.ಮೀ. ಇದ್ದರೆ ನೆಲದ ಲೆಕ್ಕದಲ್ಲಿ ವಿಮಾನದ ವೇಗ 800ಕ್ಕೆ ಇಳಿಯಿತು. ಹೋಗುವುದಕ್ಕಿಂತ ಬರುವುದು ಬೇಗ ಆಗುವುದು ಇದರಿಂದಲೇ.

ನಮ್ಮ ಕಡೆಯವರ ನಿಜವಾದ ತಲೆನೋವು ನೆಲದ ಮೇಲಿನದು. ಬೂವನಹಳ್ಳಿಯ ವಿಮಾನ ನಿಲ್ದಾಣ ಯಾವಾಗಲಾದರೂ ಆಗಲಿ, ಸದ್ಯಕ್ಕೆ ದೇವನಹಳ್ಳಿಯೇ ಗತಿ. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾಟಿ ಇನ್ನೂರು ಕಿ.ಮೀ. ಆಸುಪಾಸು, ಕಾರಿನಲ್ಲಿ ನಾಲ್ಕು ಗಂಟೆ, ಐದು ಇಟ್ಟುಕೊಳ್ಳಿ. ನೆಲಮಂಗಲದಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಹೆಬ್ಬಾಳದ ಜಾಮ್ ತಪ್ಪುತ್ತದೆ. ಭಾನುವಾರ ಸಂಜೆ ಮಾತ್ರ ಸಕಲೇಶಪುರದ ಹೋಂಸ್ಟೇ ಮುಗಿಸಿ ವಾಪಸಾಗುವ ಕಾರುಗಳೆಲ್ಲ ಇದೇ ಹೆದ್ದಾರಿಯಲ್ಲಿ. ಆ ರಾತ್ರಿಯ ವಿಮಾನಕ್ಕೆ ಬೆಳಿಗ್ಗೆಯೇ ಹೊರಟು ಬೆಂಗಳೂರು ಸೇರಿಕೊಳ್ಳುವುದು ಕ್ಷೇಮ.

ವಿದೇಶಿ ವಿಮಾನಗಳಿಗೆ ಟರ್ಮಿನಲ್ 2. ಮೂರು ಗಂಟೆ ಮೊದಲು ಅಲ್ಲಿರಿ. ಹೊರಡಲು ಒಂದು ಗಂಟೆ ಇದೆ ಎನ್ನುವಷ್ಟರಲ್ಲಿ ಚೆಕ್-ಇನ್ ಕೌಂಟರ್ ಮುಚ್ಚಿರುತ್ತದೆ, ಗೋಗರೆದರೂ ತೆಗೆಯುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆ ಮಂಜು ಮುಸುಕಿದರೆ ವಿಮಾನವೇ ತಡ. ನಡುವೆ ಬೇರೆಡೆ ವಿಮಾನ ಬದಲಿಸುವವರು ಒಂದೇ ಟಿಕೆಟ್ಟಿನಲ್ಲಿ ಎರಡೂ ಹಂತ ಬುಕ್ ಮಾಡಿರಬೇಕು. ಬಿಡಿಬಿಡಿಯಾಗಿ ಕೊಂಡಿದ್ದರೆ ತಪ್ಪಿದ ಎರಡನೆಯ ವಿಮಾನಕ್ಕೆ ಯಾರೂ ಹೊಣೆಯಲ್ಲ.

ಈಗ ಆ 1:30ರ ವಿಮಾನದ ಲೆಕ್ಕ ಹಾಕಿ. ಹಾಸನ ಬಿಡುವುದು ಬೆಳಗಿನ 5:30ಕ್ಕೆ. ಹೀಥ್ರೂನಲ್ಲಿ ಇಮಿಗ್ರೇಷನ್, ಲಗೇಜು ಮುಗಿಸಿ ಹೊರಬರುವಾಗ ಅಲ್ಲಿ ರಾತ್ರಿ 8:15, ಇಲ್ಲಿ ನಡುರಾತ್ರಿ ದಾಟಿ 1:45. ಒಟ್ಟು ಇಪ್ಪತ್ತು ಗಂಟೆ ಹದಿನೈದು ನಿಮಿಷ. ಬಿಪಿ, ಸಕ್ಕರೆ ಮಾತ್ರೆ ನುಂಗುವವರು ಡಾಕ್ಟರ ಹತ್ತಿರ ಡೋಸು ಕೇಳುವಾಗ ಹೇಳಬೇಕಾದ ಸಂಖ್ಯೆ ಇದು. ಮಾತ್ರೆ ಮತ್ತು ಚೀಟಿ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಲ್ಲ.