ಕಲ್ಲಿನ ತಳದ ಬಿಳಿ ಉಂಗುರ

ಕೆನಡಾದ ಪಶ್ಚಿಮ ಕರಾವಳಿ, ಕ್ವಾಡ್ರಾ ದ್ವೀಪ. ಪುರಾತತ್ವದ ಕೆಲಸಕ್ಕೆ ಸೇರಿದ ಮೇಲೆ ಅದು ನನ್ನ ಮೊದಲ ಬೇಸಿಗೆ. ಅಲ್ಲಿ ಸಮುದ್ರ ತೀರಾ ಕೆಳಗಿಳಿಯುವ ಹಗಲುಗಳು ಸಿಗುವುದು ಬೇಸಿಗೆಯಲ್ಲೇ, ಅದೂ ತಿಂಗಳಿಗೆ ಕೆಲವೇ ದಿನ. ಹಾಗಾಗಿ ನಸುಕಿನಲ್ಲೇ ದೋಣಿ ಹತ್ತಿದ್ದೆವು.

ನೀರು ಜಾರುತ್ತಿದ್ದಂತೆ ಕೊಲ್ಲಿಯ ಈ ತುದಿಯಿಂದ ಆ ತುದಿಗೆ ಕಲ್ಲಿನ ಕಟ್ಟೆಯೊಂದು ತಲೆಯೆತ್ತಿತು. ಅದರ ಹಿಂದೆ ಮರಳು, ಚಿಪ್ಪಿನ ಚೂರು ತುಂಬಿ ತೀರ ಗದ್ದೆಯಂತೆ ಸಮತಟ್ಟು. ಇದು ಕ್ಲ್ಯಾಮ್ ತೋಟ. ನಮ್ಮ ಕುಮಟಾ ಕಡೆ ಬಳಚು ಅನ್ನುತ್ತೇವಲ್ಲ, ಆ ಬಗೆಯ ಚಿಪ್ಪುಜೀವಿ ಹುಲುಸಾಗಲೆಂದು ಮೂಲನಿವಾಸಿಗಳು ಕಟ್ಟಿಕೊಂಡದ್ದು. ಅಮ್ಮನ ಜೊತೆ ಅಘನಾಶಿನಿ ಅಳಿವೆಯಲ್ಲಿ ಸೊಂಟದ ನೀರಿಗಿಳಿದು, ಕಾಲಲ್ಲೇ ತಡಕಿ ಬಳಚು ಹೆಕ್ಕಿದವಳು ನಾನು. ಹೆಕ್ಕುವುದು ಗೊತ್ತಿತ್ತು. ಅದಕ್ಕೆಂದು ಸಮುದ್ರದಲ್ಲೇ ಗದ್ದೆ ಮಾಡಬಹುದೆಂದು ಗೊತ್ತಿರಲಿಲ್ಲ.

ನಮ್ಮ ವೃತ್ತಿಗೂ ಬಹುಕಾಲ ಗೊತ್ತಿರಲಿಲ್ಲ. ದಡದ ಮೇಲಿನ ಚಿಪ್ಪಿನ ದಿಬ್ಬಗಳನ್ನು ಅಗೆಯುತ್ತಿದ್ದವರು ಇಳಿತದ ಗೆರೆಯತ್ತ ನೋಡಿದ್ದೇ ಕಡಿಮೆ. 1995ರಲ್ಲಿ ಭೂವಿಜ್ಞಾನಿ ಜಾನ್ ಹಾರ್ಪರ್ ಆಕಾಶದಿಂದ ಸಮೀಕ್ಷೆ ಮಾಡುವಾಗ ಇಂಥ ಸಾಲುಗಳನ್ನು ಕಂಡು ಇವೇನೆಂದು ಕೇಳತೊಡಗಿದರು. ಉತ್ತರ ಅಲ್ಲಿಯ ಮೂಲನಿವಾಸಿ ಕುಲವೊಂದರ ಮುಖಂಡ ಆಡಮ್ ಡಿಕ್ ಅವರ ಬಳಿ ಇತ್ತು. ಅವರ ಕ್ವಾಕ್‌ವಾಲಾ ಭಾಷೆಯಲ್ಲಿ ಅದಕ್ಕೊಂದು ಹೆಸರೂ ಇತ್ತು. ಮೂಲನಿವಾಸಿ ಮಕ್ಕಳನ್ನು ತಮ್ಮ ಭಾಷೆ, ಸಂಸ್ಕೃತಿ ಮರೆಯಲೆಂದು ವಸತಿ ಶಾಲೆಗೆ ಒಯ್ಯುತ್ತಿದ್ದ ಕಾಲದಲ್ಲಿ ಮನೆಯ ಹಿರಿಯರು ಆಡಮ್ ಅವರನ್ನು ಬಚ್ಚಿಟ್ಟು ಬೆಳೆಸಿದ್ದರು. ಆ ತಿಳಿವಳಿಕೆ ನಮ್ಮವರೆಗೆ ಬಂದದ್ದು ಹಾಗೆ. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಂದು ನನ್ನ ಪಾಲಿಗೆ ಬಂದದ್ದು ಕಟ್ಟೆಯ ತಳ. ಕೆಳಸಾಲಿನ ಕಲ್ಲೊಂದನ್ನು ಮಗುಚಿ, ಕೆಸರು ಹೋಗಲೆಂದು ಬ್ರಷ್ ಹಚ್ಚಿದೆ.

“ಉಜ್ಜಬೇಡ!” ತಂಡದ ಹಿರಿಯರು ಕೈ ಹಿಡಿದರು.

ಕಲ್ಲಿನ ತಳದಲ್ಲಿ ಉಗುರಗಲದ ಬಿಳಿ ಉಂಗುರ. ಅಂಚಿನಿಂದ ನಡುವಿಗೆ ಕೂದಲೆಳೆಯಂಥ ಗೆರೆಗಳು. ಬಂಡೆಗೆ ಅಂಟಿ ಬದುಕುವ ಬಾರ್ನಕಲ್ ಎಂಬ ಪುಟ್ಟ ಸಮುದ್ರಜೀವಿಯ ಗುರುತು ಅದು. ಯಾರೋ ಈ ಕಲ್ಲನ್ನು ಉರುಳಿಸಿ, ಮೇಲ್ಮುಖವನ್ನು ಕೆಳಗೆ ಮಾಡಿ ಇಟ್ಟ ದಿನ ಆ ಜೀವಿ ಸತ್ತಿತು. ಸತ್ತ ಮೇಲೆ ನಿಧಾನವಾಗಿ ಕಡಿಮೆಯಾಗುತ್ತ ಹೋಗುವ ವಿಕಿರಣ ಇಂಗಾಲ ಅದರಲ್ಲಿ ಎಷ್ಟು ಉಳಿದಿದೆಯೆಂದು ಅಳೆದರೆ ಕಲ್ಲು ಉರುಳಿದ ಕಾಲ ಹತ್ತಿರಹತ್ತಿರ ಸಿಗುತ್ತದೆ. ಸಮುದ್ರದ ಇಂಗಾಲ ವಯಸ್ಸನ್ನು ಹೆಚ್ಚಿಸಿ ತೋರಿಸುವುದರಿಂದ ಆ ಲೆಕ್ಕದಿಂದ ನೂರಾರು ವರ್ಷಗಳನ್ನು ಕಳೆಯಬೇಕು ಅಷ್ಟೆ. ಇಂಥ ಗುರುತುಗಳಿಂದಲೂ ಕಟ್ಟೆಯಡಿ ಸಿಕ್ಕಿದ ಚಿಪ್ಪುಗಳಿಂದಲೂ ಕ್ವಾಡ್ರಾದ ಕೆಲವು ತೋಟಗಳಿಗೆ ಕನಿಷ್ಠ 3,500 ವರ್ಷವೆಂದು 2019ರಲ್ಲಿ ಪ್ರಕಟವಾಯಿತು.

ಉಂಗುರದ ಒಂದು ಅಂಚು ಆಗಲೇ ನನ್ನ ಬ್ರಷ್‌ಗೆ ಹೋಗಿತ್ತು. ಆ ನೋವು ಇವತ್ತಿಗೂ ಇದೆ.

ನೀರು ಏರತೊಡಗಿದಾಗ ಗುಂಡಿ ಮುಚ್ಚಿದೆವು. ನಮ್ಮೊಂದಿಗೆ ಬಂದಿದ್ದ ಅಲ್ಲಿಯ ಅಜ್ಜನೊಬ್ಬರು ಮರಳಲ್ಲಿ ಸಿಕ್ಕ ಕಲ್ಲನ್ನು ಕಾಲಲ್ಲೇ ಕಟ್ಟೆಯತ್ತ ಉರುಳಿಸುತ್ತಿದ್ದರು. ಕಲಿತ ವಿದ್ಯೆ ಹಳೆಯ ಕಟ್ಟೆಗೆ ಹೊಸ ಕಲ್ಲು ಸೇರಿಸಬಾರದೆನ್ನುತ್ತದೆ. ಅವರು ನನ್ನ ಕಾಲ ಬಳಿಯ ಕಲ್ಲನ್ನು ತೋರಿಸಿದರು. ನಾನೂ ಬಗ್ಗಿ ಉರುಳಿಸಿದೆ.