ಗ್ಯಾಸ್ಟ್ರಿಕ್ ಗುಳಿಗೆ ಕೇಳುವವರಿಗೆ

ಕುಮಟಾದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್. ಮದುವೆ ಸೀಸನ್ ಬಂತೆಂದರೆ 'ಒಂದು ಗ್ಯಾಸ್ಟ್ರಿಕ್ ಗುಳಿಗೆ ಕೊಡಿ ಮಾರಾಯ್ರೆ' ಅನ್ನುವವರೇ ಜಾಸ್ತಿ. ಹೊಟ್ಟೆಯ ಆಸಿಡ್ ಕಂಡರೆ ಎಲ್ಲರಿಗೂ ಸಿಟ್ಟು. ನನಗೆ ಮಾತ್ರ ಅದರ ಮೇಲೆ ಸ್ವಲ್ಪ ಅಭಿಮಾನ.

ಬಂಗಡೆ ಹುರಿಯುವ ವಾಸನೆ ಬಂದರೆ ಸಾಕು, ಬಾಯಲ್ಲಿ ನೀರೂರುತ್ತದೆ ಅಲ್ವಾ? ಅಷ್ಟೊತ್ತಿಗೆ ಮೆದುಳಿನಿಂದ ಜಠರಕ್ಕೂ ಸುದ್ದಿ ಮುಟ್ಟಿರುತ್ತದೆ. ತುತ್ತು ಒಳಗೆ ಹೋಗುವ ಮೊದಲೇ ರಸ ಒಸರಲು ಶುರು. ದಿನಕ್ಕೆ ಹೆಚ್ಚುಕಮ್ಮಿ 2 ಲೀಟರ್! ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಮೀನಿನ ಪ್ರೋಟೀನನ್ನು ಸಡಿಲ ಮಾಡುತ್ತದೆ, ಊಟದ ಜೊತೆ ಬಂದ ಎಷ್ಟೋ ರೋಗಾಣುಗಳನ್ನೂ ಕೊಲ್ಲುತ್ತದೆ. ಪ್ರೋಟೀನನ್ನು ತುಂಡು ಮಾಡುವ ಕೆಲಸ ಅದೇ ರಸದಲ್ಲಿರುವ ಪೆಪ್ಸಿನ್ ಎಂಬ ಕಿಣ್ವದ್ದು. ಮಜಾ ಏನೆಂದರೆ, ಪೆಪ್ಸಿನ್ ಕೋಶದಿಂದ ಹೊರಬರುವಾಗ ನಿದ್ದೆಯಲ್ಲೇ ಇರುತ್ತದೆ. ಆಸಿಡ್ ತಾಗಿದ ಮೇಲೇ ಎಚ್ಚರ. ಇಲ್ಲದಿದ್ದರೆ ತನ್ನನ್ನು ಹಡೆದ ಕೋಶವನ್ನೇ ತಿಂದುಬಿಡುತ್ತಿತ್ತು. ಜಠರದ ಗೋಡೆಗೆ ದಪ್ಪನೆಯ ಲೋಳೆಯ ಕಾವಲೂ ಇದೆ. ಅನ್ನದ ಪಿಷ್ಟಕ್ಕೂ ಈ ರಸಕ್ಕೂ ಅಷ್ಟು ಸಂಬಂಧವಿಲ್ಲ. ಅದು ಬಾಯಿ, ಸಣ್ಣ ಕರುಳಿನ ಪಾಲು.

ಜಠರರಸದ ಈ ಕೆಲಸವನ್ನು ಕಣ್ಣಾರೆ ನೋಡಿದವನು ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿತು. ಗಾಯ ಮಾಯಿತು, ಜಠರದ ತೂತು ಮಾತ್ರ ಮುಚ್ಚಲಿಲ್ಲ. 1825ರಲ್ಲಿ ಬೋಮಾಂಟ್ ಮಾಂಸ, ಬ್ರೆಡ್, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟ. ಒಂದು ತಾಸು ಬಿಟ್ಟು ಎಳೆದು ನೋಡಿದರೆ ಬ್ರೆಡ್, ಎಲೆಕೋಸು ಅರ್ಧ ಕರಗಿದ್ದವು, ಮಾಂಸ ಹಾಗೇ ಇತ್ತು. ಇನ್ನೊಂದು ತಾಸಿಗೆ ಬೇಯಿಸಿದ ಮಾಂಸವೂ ಮಾಯ. ಮುಂದೆ ರಸವನ್ನೇ ಹೊರತೆಗೆದು, ಸೀಸೆಯಲ್ಲಿ ಬೆಚ್ಚಗಿಟ್ಟು ಮಾಂಸ ಹಾಕಿದ. ಅಲ್ಲೂ ಕರಗಿತು! ಹೊಟ್ಟೆ ಬರೀ ಅರೆಯುವುದಲ್ಲ, ರಸವೇ ಕರಗಿಸುತ್ತದೆ ಅನ್ನುವುದು ಖಾತ್ರಿಯಾಯಿತು. ಪಾಪ, ಅಲೆಕ್ಸಿಸ್‌ಗೆ ಮಾತ್ರ ಈ ಆಟ ಸಾಕುಸಾಕಾಗಿತ್ತು.

ಮೀನು, ಮೊಟ್ಟೆ, ಹಾಲಿನಲ್ಲಿರುವ ಬಿ12 ವಿಟಮಿನ್ ಬಿಡಿಸಿಕೊಳ್ಳಲೂ ಆಸಿಡ್ ಬೇಕು. ಅದಕ್ಕೇ ಆಸಿಡ್ ಕಮ್ಮಿ ಮಾಡುವ ಪ್ಯಾಂಟೊಪ್ರಜೋಲ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವವರು ಬಂದರೆ, 'ಡಾಕ್ಟರ ಹತ್ತಿರ ಒಮ್ಮೆ ಬಿ12 ವಿಷಯ ಕೇಳಿ' ಅನ್ನುತ್ತೇನೆ. ಡಾಕ್ಟರು ಬರೆದುಕೊಟ್ಟಿದ್ದನ್ನು ಸುಮ್ನೆ ನಿಲ್ಲಿಸಲೂ ಬೇಡಿ. ಆದರೆ ಊಟಕ್ಕೆ ಅರ್ಧ ತಾಸು ಮೊದಲೇ ತಗೊಳ್ಳಿ. ಹೋಳಿಗೆ ಹೊಡೆದು, ಎದೆ ಉರಿ ಶುರುವಾದ ಮೇಲೆ ಓಡಿಬಂದು ನುಂಗಿದರೆ ಆ ಗುಳಿಗೆ ತಕ್ಷಣಕ್ಕೆ ಕೆಲಸಕ್ಕೆ ಬರುವುದಿಲ್ಲ.