ಎರಡನೇ ಸಾಲು ಓದದೆ ಕಳಿಸಿಬಿಟ್ಟೆ

ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆರೋಗ್ಯಮಿತ್ರ. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಸ್ಕೀಮ್‌ನಲ್ಲಿ ಬರುವ ರೋಗಿಗಳ ಕಾಗದ ನೋಡಿ ಪೋರ್ಟಲ್‌ಗೆ ಹಾಕುವ ಕೆಲಸ. ಆರು ವರ್ಷದಿಂದ ಅದೇ ಕೌಂಟರ್. ಕಳೆದ ನವೆಂಬರ್‌ನ ಒಂದು ಸೋಮವಾರ ನಾನು ಮಾಡಿದ ತಪ್ಪು ಇವತ್ತಿಗೂ ಚುಚ್ಚುತ್ತದೆ.

ಸೋಮವಾರ ಅಂದರೆ ಸಾಲು ಮೆಟ್ಟಿಲ ತನಕ ಇರುತ್ತದೆ. ಪೋರ್ಟಲ್ ಬೆಳಗ್ಗೆಯಿಂದ ಸುತ್ತುತ್ತಲೇ ಇತ್ತು. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬ ಹುಡುಗ ಕಿಟಕಿಯೊಳಗೆ ಪ್ಲಾಸ್ಟಿಕ್ ಕವರ್ ತೂರಿಸಿದ. ಒಳಗೆ ಅಪ್ಪನ ಪಿಪಿಒ ಅಂದರೆ ಪಿಂಚಣಿ ಆದೇಶದ ಪುಸ್ತಕ, ಆಧಾರ್, ಓಪಿಡಿ ಚೀಟಿ.

"ಮೇಡಂ, ನಮ್ಮಪ್ಪ ಪುರಸಭೆಯಲ್ಲಿ ಲೋಡರ್ ಆಗಿದ್ರು. ಮೂವತ್ತು ವರ್ಷ ಸರ್ವೀಸು. ನೌಕರರಿಗೆ ಈಗ ಕ್ಯಾಶ್‌ಲೆಸ್ ಬಂದಿದೆಯಂತಲ್ಲ, ಅದ್ರಲ್ಲಿ ಮಾಡಿಕೊಡಿ."

ಅವನು ಹೇಳಿದ್ದು ಆರೋಗ್ಯ ಸಂಜೀವಿನಿ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತ್ತು, ವಾಟ್ಸಾಪ್‌ನಲ್ಲೆಲ್ಲ ಅದೇ ಸುದ್ದಿ. ಆದರೆ ಅದು ಕೆಲಸದಲ್ಲಿರುವ ಸರ್ಕಾರಿ ನೌಕರರಿಗೆ. ಡಿ ದರ್ಜೆಯವರ ಸಂಬಳದಿಂದ ತಿಂಗಳಿಗೆ 250 ರೂಪಾಯಿ ಹಿಡಿಯುತ್ತಾರೆ. ಇವರು ರಿಟೈರ್ ಆಗಿ ಆಗಲೇ ಎರಡು ವರ್ಷ. ಉಳಿದದ್ದು ನಮ್ಮ ಆರೋಗ್ಯ ಕರ್ನಾಟಕ ಸ್ಕೀಮ್ ಒಂದೇ. "ಪಿಪಿಒ ಇಲ್ಲಿ ನಡೆಯಲ್ಲಪ್ಪ, ರೇಷನ್ ಕಾರ್ಡ್ ಕೊಡು" ಅಂದೆ. ಆಧಾರ್ ಹಾಕಿ ನೋಡಿದರೆ ಎಪಿಎಲ್.

ಓಪಿಡಿ ಚೀಟಿಯ ಮೊದಲ ಸಾಲು ನೋಡಿದೆ: ಬಲಗಡೆ ಹರ್ನಿಯಾ. ನನ್ನ ತಲೆಯಲ್ಲಿ ತೀರ್ಮಾನ ಆಗಿಹೋಯಿತು. ಹರ್ನಿಯಾ ಅಂದರೆ ದಿನ ನೋಡಿ ಮಾಡಿಸುವ ಆಪರೇಷನ್. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಹಿಂದಿನ ತಿಂಗಳಷ್ಟೇ ರೆಫರಲ್ ಇಲ್ಲದ ಒಂದು ಕೇಸ್ ರಿಜೆಕ್ಟ್ ಆಗಿ, ಮೀಟಿಂಗ್‌ನಲ್ಲಿ ಎಲ್ಲರ ಎದುರು ಬೈಸಿಕೊಂಡಿದ್ದೆ. ಆ ಮೀಟಿಂಗ್‌ನಲ್ಲಿ ರಿಜೆಕ್ಷನ್ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಎಷ್ಟು ಜನರನ್ನು ವಾಪಸ್ ಕಳಿಸಿದಿರಿ ಅಂತ ಒಂದು ದಿನವೂ ಕೇಳಿಲ್ಲ.

"ಜಿಲ್ಲಾ ಆಸ್ಪತ್ರೆಗೆ ಹೋಗಿ ರೆಫರಲ್ ತಗೊಂಡು ಬನ್ನಿ. ಎಪಿಎಲ್ ಆಗಿರೋದ್ರಿಂದ ನಿಮಗೆ ಸಿಗೋದು ಪ್ಯಾಕೇಜ್‌ನಲ್ಲಿ, ಅಂದ್ರೆ ಸರ್ಕಾರ ಈ ಆಪರೇಷನ್‌ಗೆ ಕಟ್ಟಿರೋ ದರದಲ್ಲಿ, 30 ಪರ್ಸೆಂಟ್ ಅಷ್ಟೇ" ಅಂದೆ. ಮುಂದಿನವರನ್ನು ಕರೆದೆ.

ಆ ಹುಡುಗನ ಅಪ್ಪ, ತಾತನಂಥ ಮನುಷ್ಯ, ಎದುರಿನ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದರು. ಮುಂದಕ್ಕೆ ಬಾಗಿ, ಪಂಚೆಯ ಮೇಲಿಂದ ಬಲಗೈಯಲ್ಲಿ ತೊಡೆಸಂದು ಒತ್ತಿ ಹಿಡಿದಿದ್ದರು. ತುಟಿ ಒಣಗಿ ಬಿಳಿಚಿತ್ತು. ಮಗ ಎಬ್ಬಿಸಿದಾಗ ನೆಟ್ಟಗೆ ನಿಲ್ಲಲಾಗದೆ, ಬಾಗಿಕೊಂಡೇ ನಡೆದು ಹೋದರು. ಇದೆಲ್ಲ ನಾನು ನೋಡಿದೆ. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಹತ್ತು ನಿಮಿಷ ಆಗಿರಬೇಕು. ಕ್ಯಾಶುಯಲ್ಟಿ ಸಿಸ್ಟರ್ ಬಂದರು. "ಆ ಹರ್ನಿಯಾ ತಾತ ಎಲ್ಲಿ? ಡಾಕ್ಟರ್ ಆಗಲೇ ಸರ್ಜನ್‌ಗೆ ಫೋನ್ ಮಾಡಿದಾರೆ. ಬೆಳಗ್ಗೆಯಿಂದ ಗಂಟು ಒಳಕ್ಕೆ ಹೋಗ್ತಿಲ್ಲ, ವಾಂತಿ ಬೇರೆ. ಚೀಟಿಯಲ್ಲಿ ಬರೆದಿದೆಯಲ್ಲ?"

ಚೀಟಿಯ ಜೆರಾಕ್ಸ್ ನನ್ನ ಮುಂದೆಯೇ ಇತ್ತು. ಎರಡನೇ ಸಾಲಿನಲ್ಲಿ, ಡಾಕ್ಟರ್ ಗೀಚು ಅಕ್ಷರದಲ್ಲಿ, ಇರ್ರೆಡ್ಯೂಸಿಬಲ್ (ಒಳಕ್ಕೆ ತಳ್ಳಲಾಗದ ಗಂಟು), ಅರ್ಜೆಂಟ್ ಸರ್ಜರಿ ಒಪೀನಿಯನ್.

ಕೈ ತಣ್ಣಗಾಯಿತು. ಮಗನ ನಂಬರ್‌ಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆ. ಮೂರನೇ ಸಲವೂ ಎತ್ತಲಿಲ್ಲ. ಸಾಲಿನಲ್ಲಿದ್ದವರು "ಮೇಡಂ, ನಮ್ದು?" ಅನ್ನುತ್ತಿದ್ದರು. ಕೌಂಟರ್ ಬಿಟ್ಟು ಎದ್ದೆ. ನಮ್ಮ ಕೌಂಟರ್ ಇರೋದು ಫಾರ್ಮಸಿ ಪಕ್ಕ, ಗೇಟಿಗೂ ಕ್ಯಾಶುಯಲ್ಟಿಗೂ ದೂರ. ಅಷ್ಟುದ್ದ ಓಡುವಾಗ ಒಂದೇ ಭಯ. ಆಟೋ ಬಿ.ಎಚ್. ರಸ್ತೆ ಹತ್ತಿಬಿಟ್ಟಿದ್ದರೆ? ಜಿಲ್ಲಾ ಆಸ್ಪತ್ರೆಯ ಓಪಿಡಿ ಸಾಲಿನಲ್ಲಿ ಇವರು ಎಷ್ಟು ಹೊತ್ತು ನಿಲ್ಲಬೇಕು?

ಗೇಟಿನಾಚೆ ಕಾಂಪೌಂಡ್ ಗೋಡೆಗೆ ಕೈಕೊಟ್ಟು ತಾತ ವಾಂತಿ ಮಾಡುತ್ತಿದ್ದರು. ಹಸಿರು ವಾಂತಿ. ಮಗ ಬೆನ್ನು ನೀವುತ್ತಿದ್ದ. ಆಟೋದವನು ಗಾಡಿ ಗಲೀಜಾಗುತ್ತೆ ಅಂತ ಹತ್ತಿಸಿಕೊಳ್ಳಲು ಒಪ್ಪಿರಲಿಲ್ಲ. ಆ ಮನುಷ್ಯ ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಈಗಲೂ ರಾತ್ರಿ ಯೋಚನೆ ಬರುತ್ತದೆ.

ವಾರ್ಡ್ ಬಾಯ್ ವೀಲ್‌ಚೇರ್ ತಂದ. ತಾತನ ಪಕ್ಕ ನಡೆಯುತ್ತಾ "ತಪ್ಪಾಯ್ತು ಯಜಮಾನ್ರೇ" ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. "ರೆಫರಲ್ ಬೇಕಲ್ಲಮ್ಮ" ಅಂದರು. ಅಷ್ಟು ನೋವಿನಲ್ಲೂ ನಾನು ಹೇಳಿದ ಕಾಗದದ ಚಿಂತೆ ಅವರಿಗೆ. ಎಮರ್ಜೆನ್ಸಿಗೆ ರೆಫರಲ್ ಬೇಡ. ಈ ಸ್ಕೀಮ್ ಶುರುವಾದ 2018ರಿಂದಲೂ ನಿಯಮ ಅದೇ. ನನಗೆ ಬಾಯಿಪಾಠ. ಹೊಸಬರಿಗೆ ಹೇಳಿಕೊಡುವವಳೂ ನಾನೇ.

ಮಧ್ಯಾಹ್ನ ಓಟಿಗೆ ತಗೊಂಡರು. ಸಿಕ್ಕಿಹಾಕಿಕೊಂಡಿದ್ದ ಕರುಳು ಕಪ್ಪಾಗಿತ್ತಂತೆ. ಬಿಡಿಸಿ, ಬಿಸಿ ಬಟ್ಟೆ ಇಟ್ಟು ಕಾದ ಮೇಲೆ ಬಣ್ಣ ತಿರುಗಿತಂತೆ. "ಇನ್ನೆರಡು ಗಂಟೆ ತಡ ಆಗಿದ್ರೆ ಕತ್ತರಿಸಬೇಕಾಗ್ತಿತ್ತು" ಅಂದರು ಸರ್ಜನ್. ನಾನು ಮಾಡಿದ್ದನ್ನು ಅವರಿಗೆ ನಾನೇ ಹೇಳಿದೆ. ಅವರು ಏನೂ ಅನ್ನಲಿಲ್ಲ.

ಇನ್ನು ದುಡ್ಡಿನ ವಿಷಯ. ಅದರಲ್ಲಿ ನನ್ನಿಂದ ಏನೂ ಮಾಡಲು ಆಗಲಿಲ್ಲ, ಅದೂ ನೋವು. ಬಿಪಿಎಲ್ ಆಗಿದ್ದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್‌ಗೆ ಪ್ಯಾಕೇಜ್ ದರದ 30 ಪರ್ಸೆಂಟ್, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಕಸದ ಗಾಡಿಗೆ ಬುಟ್ಟಿ ಎತ್ತಿ ಎತ್ತಿ ಹಾಕಿದ ಮನುಷ್ಯ ಎಪಿಎಲ್ ಯಾಕೆ? ಲೆಕ್ಕ ಹಾಕಿ ನೋಡಿ. ಏಳನೇ ವೇತನ ಆಯೋಗ ಜಾರಿಯಾದ 2024ರ ಆಗಸ್ಟ್‌ನಿಂದ ಕನಿಷ್ಠ ಪಿಂಚಣಿ 13,500 ರೂಪಾಯಿ. ವರ್ಷಕ್ಕೆ 1,62,000. ಬಿಪಿಎಲ್ ಕಾರ್ಡಿಗೆ ಆದಾಯದ ಮಿತಿ 1.2 ಲಕ್ಷ. ಅಂದರೆ ಕನಿಷ್ಠ ಪಿಂಚಣಿ ತಗೊಳ್ಳುವವರೂ ಆಚೆ. ಸರ್ವೀಸಿನಲ್ಲಿದ್ದಾಗ ಹೆಂಡತಿಯ ಆಪರೇಷನ್ ಬಿಲ್ ಕಚೇರಿಗೆ ಇಟ್ಟು ದುಡ್ಡು ಪಡೆದಿದ್ದರು. ರಿಟೈರ್ ಆದ ಮೇಲೂ ಹಾಗೇ ಅಂದುಕೊಂಡಿದ್ದರು. ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿ ಕಳಿಸಿದರಂತೆ. ನಾಳೆಯಿಂದ ಆಸ್ಪತ್ರೆ ಖರ್ಚು ನಿಮ್ಮದೇ ಅಂತ ಒಬ್ಬರೂ ಹೇಳಿರಲಿಲ್ಲ. ಸೊಸೆಯ ಸರ ಗಿರವಿಗೆ ಹೋಯಿತು.

ಆ ಗಂಟು ಅವರಿಗೆ ನಾಲ್ಕು ವರ್ಷದಿಂದ ಇತ್ತು. ರಿಟೈರ್ ಆದ ಮೇಲೆ ನಿಧಾನವಾಗಿ ಮಾಡಿಸಿದರಾಯ್ತು, ಸುಮ್ನೆ ರಜೆ ಯಾಕೆ ಅಂತ ಮುಂದಕ್ಕೆ ಹಾಕಿದ್ದರು. ಯಾರಾದರೂ ಒಂದು ಮಾತು ಹೇಳಿದ್ದರೆ ಕೆಲಸದಲ್ಲಿದ್ದಾಗಲೇ ಮಾಡಿಸಿಕೊಳ್ಳುತ್ತಿದ್ದರು, ಅಲ್ವಾ?

ಈಗ ನಾನು ಚೀಟಿಯನ್ನು ಪೂರ್ತಿ ಓದದೆ ಆಧಾರ್ ಮುಟ್ಟುವುದಿಲ್ಲ. "ಊಟ ಮಾಡಿದ್ರಾ, ವಾಂತಿ ಆಯ್ತಾ, ಯಾವಾಗಿಂದ ನೋವು" ಅಂತ ಕೇಳಿಯೇ ಮುಂದಿನ ಮಾತು. ಸಾಲು ಜಾಸ್ತಿ ಆಗುತ್ತದೆ, ಆಗಲಿ. ಕೌಂಟರನ್ನು ಕ್ಯಾಶುಯಲ್ಟಿ ಪಕ್ಕಕ್ಕೆ ಹಾಕಿ ಅಂತ ಎರಡು ಸಲ ಬರೆದುಕೊಟ್ಟೆ. ಜಾಗ ಇಲ್ಲವಂತೆ.

ಹೊಲಿಗೆ ಬಿಚ್ಚಿಸಲು ಬಂದಾಗ ತಾತ ನನ್ನ ನಂಬರ್ ಬರೆಸಿಕೊಂಡು ಹೋಗಿದ್ದರು. ಹೋದ ವಾರ ಅವರ ಜೊತೆ ಕೆಲಸ ಮಾಡಿದವರೊಬ್ಬರು ಫೋನ್ ಮಾಡಿದರು. "ಮೇಡಂ, ನನಗೂ ಅಂಥದ್ದೇ ಗಂಟು ಐತೆ. ರಿಟೈರ್ ಆಗಕ್ಕೆ ಇನ್ನು ಏಳು ತಿಂಗಳು. ಈಗ್ಲೇ ಮಾಡಿಸ್ಬೇಕಾ, ಆಮೇಲೆ ನೋಡಣಾ?"

"ಈ ಶನಿವಾರವೇ ಬನ್ನಿ ಅಣ್ಣ. ರೇಷನ್ ಕಾರ್ಡು, ಸಂಬಳದ ಚೀಟಿ ಎರಡೂ ತನ್ನಿ" ಅಂದಿದ್ದೇನೆ.